ಕೈಗೆ ಸಿಗದ ಹೆಸರುಗಳು

ಹೆಣ್ಣು ನೋಡಲು ಬಂದ ಗಂಡಿಗೆ ಎಲ್ಲ ಕಡೆಯೂ ಕೇಳುವ ಪ್ರಶ್ನೆಗಳು ನಾಲ್ಕೋ ಐದೋ. ಎಷ್ಟು ಓದಿದ್ದೀಯ, ಜಮೀನು ಎಷ್ಟಿದೆ, ಬೋರಿನಲ್ಲಿ ನೀರಿದೆಯಾ, ಕುಡಿತ ಗಿಡಿತ ಏನಾದರೂ ಇದೆಯಾ. ಹೊಂಗನೂರಿನ ದೇವರಾಜು ಇಷ್ಟಕ್ಕೂ ಉತ್ತರ ಹೊಂದಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಅವ್ವ ಮಾಯಮ್ಮನನ್ನೂ ಅತ್ತಿಗೆಯನ್ನೂ ಕರೆದುಕೊಂಡು ಮಾಗಡಿ ಕಡೆಯ ಕೆಂಪಾಪುರಕ್ಕೆ ಹೋದ. ವಯಸ್ಸು ಮೂವತ್ತನಾಲ್ಕು. ಇದು ಅವನು ನೋಡುತ್ತಿದ್ದ ಒಂಬತ್ತನೇ ಹೆಣ್ಣು. ಹಿಂದಿನ ಎಂಟು ಮನೆಗಳಲ್ಲೂ ‘ಹುಡುಗ ಒಳ್ಳೆಯವನೇ, ಆದರೆ ಹುಳ ಮೇಯಿಸೋನು’ ಎಂದು ಹೇಳಿ ಕಳಿಸಿದ್ದರು. ರೇಷ್ಮೆ ಸೀರೆಯಿಲ್ಲದೆ ಮದುವೆಯೇ ನಡೆಯುವುದಿಲ್ಲ, ರೇಷ್ಮೆ ಬೆಳೆಯುವವನಿಗೆ ಮಾತ್ರ ಹೆಣ್ಣು ಕೊಡುವುದಿಲ್ಲ. ಇದ್ಯಾವ ಸೀಮೆಯ ನ್ಯಾಯವೋ!

ಹುಡುಗಿಯ ತಂದೆ ರಾಮಲಿಂಗಯ್ಯ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರು ಜಮೀನು ಕೇಳಲಿಲ್ಲ, ನೀರು ಕೇಳಲಿಲ್ಲ. ಜುಬ್ಬದ ಜೇಬಿನಿಂದ ಹಿತ್ತಾಳೆ ಡಬ್ಬಿ ತೆಗೆದು, ಒಂದು ಚಿಟಿಕೆ ನಶ್ಯವನ್ನು ಮೂಗಿಗೆ ಏರಿಸಿ, ಸಾವಕಾಶವಾಗಿ ಒರೆಸಿಕೊಂಡು ಕೇಳಿದರು:

“ಹಾಸು, ಮುಚ್ಚು, ನಂಬು, ಅಂಜು. ನಾಲ್ಕು ಕ್ರಿಯೆ ಕೊಟ್ಟಿದ್ದೀನಿ. ಒಂದೊಂದರಿಂದ ಹುಟ್ಟಿದ ಒಂದೊಂದು ಹೆಸರು ಹೇಳಪ್ಪ. ಯಾವುದು ಕೈಗೆ ಸಿಗುತ್ತೆ, ಯಾವುದು ಸಿಗಲ್ಲ, ಅದನ್ನೂ ಹೇಳ್ಬೇಕು.”

ಮಾಯಮ್ಮ ಸೊಸೆಯ ಮುಖ ನೋಡಿದಳು, ಸೊಸೆ ಗೋಡೆಯ ಮೇಲಿನ ಗಡಿಯಾರ ನೋಡಿದಳು. ದೇವರಾಜು ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟ.

“ಹಾಸಿಗೆ, ಮುಚ್ಚಳ. ಇವೆರಡೂ ಕೈಗೆ ಸಿಗ್ತವೆ ಸಾರ್. ನಂಬಿಕೆ, ಅಂಜಿಕೆ...” ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ಅವನಿಗೆ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದೇ ತೀರಬೇಕು. “ಸಾರ್, ಕೈಗೇ ಸಿಗ್ದಿರೋದ್ಕೆ ಹೆಸ್ರು ಯಾಕ್ ಇಕ್ಬೇಕು? ‘ಅವ್ನು ಅಂಜ್ತಾನೆ’ ಅಂದ್ರೆ ಸಾಕಲ್ವಾ?”

ಮೇಷ್ಟ್ರ ಮುಖ ಕೆಂಪೇರಿತು. ಇದಕ್ಕೂ ಮೊದಲು ಬಂದುಹೋದ ಹನ್ನೊಂದು ಗಂಡುಗಳಲ್ಲಿ ಕೆಲವರು ಉತ್ತರ ಹೇಳಿದ್ದರು, ಕೆಲವರು ಗೊತ್ತಿಲ್ಲ ಸಾರ್ ಎಂದು ತಲೆ ತಗ್ಗಿಸಿದ್ದರು. ಪ್ರಶ್ನೆಗೇ ಪ್ರಶ್ನೆ ಹಾಕಿದ ಆಸಾಮಿ ಇವನೊಬ್ಬನೇ.

“ವ್ಯಾಕರಣ ಬೇಡ ಅಂತೀಯೇನಪ್ಪ?”

“ಅಯ್ಯೋ ಇಲ್ಲ ಸಾರ್, ತಪ್ಪಾಯ್ತು,” ಎಂದ ದೇವರಾಜು. ಒಂಬತ್ತನೆಯದೂ ಕೈತಪ್ಪಿತು ಎಂದು ಅವನಿಗೆ ಖಾತ್ರಿಯಾಯಿತು.

ಆಗ ಬಾಗಿಲ ಬಳಿ ನಿಂತಿದ್ದ ಹುಡುಗಿ ನಕ್ಕಳು. ರಾಧಾಮಣಿಗೆ ಇಪ್ಪತ್ತೊಂಬತ್ತು. ಮಾಗಡಿಯ ಶಾಲೆಯೊಂದರಲ್ಲಿ ಗಣಿತದ ಟೀಚರು. “ಅಪ್ಪ, ಫೇಲಾದೋರಿಗೆ ಪೂರಕ ಪರೀಕ್ಷೆ ಅಂತ ಇರುತ್ತಲ್ಲ,” ಎಂದಳು. “ನಾವು ಅವರ ಮನೆ ನೋಡೋಕೆ ಹೋದಾಗ ಇನ್ನೊಂದ್ಸಲ ಕೇಳು.”

ಗಂಡು ನೋಡಿಹೋದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವುದು ಈ ಕಡೆಯ ಪದ್ಧತಿ. ಒಲೆ, ಕೊಟ್ಟಿಗೆ, ತೋಟ ಎಲ್ಲವನ್ನೂ ಕಣ್ಣಾರೆ ಕಂಡೇ ಮುಂದಿನ ಮಾತು. ಮಗಳ ಮಾತಿಗೆ ಮೇಷ್ಟ್ರು ಗೊಣಗುತ್ತಲೇ ಒಪ್ಪಿದರು. ಮೂರು ವಾರದ ಗಡುವು ಸಿಕ್ಕಿತು. ಬಸ್ಸಿನಲ್ಲಿ ವಾಪಸು ಬರುವಾಗ ಈ ಹುಡುಗಿಯನ್ನೇ ಮದುವೆಯಾಗಬೇಕು ಎಂದು ದೇವರಾಜುವಿನ ಮನಸ್ಸು ಹಟ ಹಿಡಿದಿತ್ತು. ಹಿಂದಿನ ಎಂಟು ಸಲ ಹೀಗಾಗಿರಲಿಲ್ಲ.

ಮನೆಯಲ್ಲಿ ಪಾಠ ಹೇಳಿಕೊಡುವ ಹೊಣೆ ಅಣ್ಣನ ಮಗಳು ಅಮೂಲ್ಯಳ ಪಾಲಿಗೆ ಬಂತು. ಒಂಬತ್ತನೇ ಕ್ಲಾಸಿನ ಆ ಹುಡುಗಿ, ಚಿಕ್ಕಪ್ಪ ಹುಳಕ್ಕೆ ಸೊಪ್ಪು ಹಾಕುವಾಗ ಪಕ್ಕದಲ್ಲಿ ಪುಸ್ತಕ ಹಿಡಿದು ನಿಲ್ಲುತ್ತಿದ್ದಳು. ಪುಸ್ತಕದಲ್ಲಿ ಕ್ರಿಯೆಯಿಂದ ಹುಟ್ಟಿದ, ಕೈಗೆ ಸಿಗದ ಹೆಸರಿಗೆ ‘ಕೃದಂತ ಭಾವನಾಮ’ ಎಂದು ಹೆಸರಿತ್ತು. ಆ ಹೆಸರು ಕೇಳಿಯೇ ದೇವರಾಜುವಿಗೆ ಆಕಳಿಕೆ ಬರುತ್ತಿದ್ದುದರಿಂದ ಅಮೂಲ್ಯ ತನ್ನದೇ ದಾರಿ ಕಂಡುಕೊಂಡಳು.

“ಟೆಂಪೋಗೆ ಹೇರಕ್ಕಾದ್ರೆ ಕೈಗೆ ಸಿಗೋ ಹೆಸ್ರು. ಹೇರಕ್ಕಾಗ್ದಿದ್ರೆ ಭಾವನಾಮ. ಅಷ್ಟೇ ಚಿಕ್ಕಪ್ಪ. ಹೊದೆ?”

“ಹೊದಿಕೆ. ಹೇರ್ಬೋದು.”

“ಹೊರು?”

“ಹೊರೆ. ಸೊಪ್ಪಿನ ಹೊರೆ ದಿನಾ ಹೇರ್ತೀನಲ್ಲ.”

“ಓಡು?”

“ಓಟ. ಊಹ್ಞೂಂ, ಆಗಕ್ಕಿಲ್ಲ.”

“ಬೆಳೆ ಅನ್ನೋ ಕ್ರಿಯೆಯಿಂದ ಎರಡು ಬತ್ತವೆ. ಒಂದು ಬೆಳೆ. ಇನ್ನೊಂದು ಬೆಳವಣಿಗೆ.”

“ಬೆಳೆ ರಾಮನಗರದ ಮಾರ್ಕೆಟ್ಟಿಗೇ ಹೇರ್ತೀವಿ. ಬೆಳವಣಿಗೆ...” ದೇವರಾಜು ತಟ್ಟೆಯಲ್ಲಿ ಸೊಪ್ಪು ಮೇಯುತ್ತಿದ್ದ ಹುಳಗಳನ್ನು ನೋಡಿದ. ಇರುವೆ ಗಾತ್ರದಲ್ಲಿ ಬಂದವು ಈಗ ಕಿರುಬೆರಳಿನಷ್ಟಾಗಿದ್ದವು. “ಕಣ್ಣ ಮುಂದೇ ಐತಲ್ಲೇ ಬೆಳವಣಿಗೆ! ಹೇರಕ್ಕಾಗಲ್ಲ ಅಂತೀಯಲ್ಲ.”

“ಹುಳ ಹೇರ್ಬೋದು ಚಿಕ್ಕಪ್ಪ. ಬೆಳವಣಿಗೆ ಹೇರಕ್ಕಾಗಲ್ಲ. ಮೇಷ್ಟ್ರ ಮುಂದೆ ಹಿಂಗೆಲ್ಲ ವಾದ ಮಾಡ್ಬ್ಯಾಡ, ನಿನ್ನ ದಮ್ಮಯ್ಯ.”

ಹೀಗೆ ಮೂರು ವಾರದಲ್ಲಿ ನಗೆ, ಅಳು, ನಡೆ, ನುಡಿ, ತಾಳ್ಮೆ, ಅಗಲಿಕೆ ಎಂದು ಅರವತ್ತು ಹೆಸರು ಬಾಯಿಪಾಠವಾದವು. ಯಾವುದು ಟೆಂಪೋ ಹತ್ತುತ್ತದೆ, ಯಾವುದು ಹತ್ತುವುದಿಲ್ಲ ಎಂದು ನಿದ್ದೆಯಲ್ಲೂ ಹೇಳಬಲ್ಲವನಾದ. ಆದರೆ ಹತ್ತದೇ ಇರುವುದಕ್ಕೆ ಹೆಸರು ಯಾಕಿರಬೇಕು ಎಂಬುದು ಮಾತ್ರ ಅವನ ತಲೆಗೆ ಹತ್ತಲಿಲ್ಲ. ಪಾಸಾದರೆ ಸಾಕು ಎಂದು ಸುಮ್ಮನಾದ.

ಮನೆ ನೋಡುವ ದಿನ ಗೊತ್ತು ಮಾಡಿದವಳು ಮಾಯಮ್ಮ. ರೇಷ್ಮೆ ಹುಳ ನಾಲ್ಕು ಸಲ ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ನಾಲ್ಕನೇ ಸಲ ಎದ್ದ ಮೇಲೆ ಏಳೆಂಟು ದಿನ ಎಡೆಬಿಡದೆ ಮೇಯ್ದು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತದೆ. ಮಾಯಮ್ಮನ ಲೆಕ್ಕದಲ್ಲಿ ಹುಳ ಹಣ್ಣಾಗುವುದು ಮಂಗಳವಾರ. ಭಾನುವಾರ ಬೀಗರು ಬಂದುಹೋದರೆ ಸೋಮವಾರ ಉಸಿರಾಡಲು ಒಂದು ದಿನ. ಪಂಚಾಂಗ ನೋಡಿಸಿದಳು, ರಾಹುಕಾಲ ಬಿಟ್ಟಳು, ಅಷ್ಟಮಿ ನವಮಿ ಬಿಟ್ಟಳು. ಹುಳಗಳನ್ನು ಮಾತ್ರ ಒಂದು ಮಾತು ಕೇಳಲಿಲ್ಲ. ಕೊನೆಯ ಮೂರು ದಿನ ಬಿಸಿಲು ಕೆಂಡ ಸುರಿದಂತೆ ಸುರಿಯಿತು. ಬಿಸಿಲು ಹೆಚ್ಚಾದರೆ ಹುಳ ಬೇಗ ಹಣ್ಣಾಗುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಮಗನ ಮದುವೆಯ ಸಂಭ್ರಮದಲ್ಲಿ ಮರೆತಳು, ಅಷ್ಟೇ.

ಭಾನುವಾರ ಬೆಳಗ್ಗೆ ದೇವರಾಜು ಹುಳದ ಮನೆಗೆ ಹೋಗಿ ನೋಡುತ್ತಾನೆ, ಸೊಪ್ಪು ಹಾಕಿದ್ದು ಹಾಕಿದ ಹಾಗೇ ಇದೆ. ಅರ್ಧಕ್ಕರ್ಧ ಹುಳ ಮೈ ಹೊಂಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿವೆ. ಹಣ್ಣಾದ ಹುಳವನ್ನು ಒಂದೊಂದಾಗಿ ಕೈಯಿಂದ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ದೊಡ್ಡ ತಟ್ಟಿಗೆ, ಬಿಡಬೇಕು. ತಡವಾದರೆ ಅವು ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಒಂದು ತಿಂಗಳ ದುಡಿಮೆ ಒಂದೇ ದಿನದಲ್ಲಿ ತಿಪ್ಪೆಗೆ. ಅಣ್ಣ ಬಸ್ಸಿನ ಡ್ರೈವರು, ಅವತ್ತು ಡ್ಯೂಟಿಗೆ ಹೋಗಿದ್ದ. ಮನೆಯಲ್ಲಿದ್ದವರು ನಾಲ್ಕೇ ಜನ.

“ಫೋನ್ ಮಾಡಿ ಬರ್ಬ್ಯಾಡಿ ಅಂದ್ಬುಡಣ ಕಣವ್ವ,” ಎಂದ ದೇವರಾಜು.

ಫೋನು ಮಾಡಿದರೆ ಮೇಷ್ಟ್ರು, “ರಾಮನಗರ ದಾಟಿದ್ವಪ್ಪ, ಇನ್ನೇನು ಬಂದೇಬಿಟ್ವಿ,” ಎಂದರು. ಮಾಯಮ್ಮ ಫೋನು ಕಿತ್ತುಕೊಂಡು, “ಬನ್ನಿ ಬನ್ನಿ, ಕಾಯ್ತಾ ಇವ್ನಿ,” ಎಂದು ಇಟ್ಟಳು. “ದಾರೀಲಿರೋ ಬೀಗ್ರನ್ನ ವಾಪಸ್ ಕಳಿಸ್ತೀಯಾ? ಆಮ್ಯಾಕೆ ಯಾವ ಹೆಣ್ಣು ತಿರುಗಿ ನೋಡ್ತದ್ಲಾ ನಿನ್ನ?”

ಕಾರು ಬಂದು ನಿಂತಾಗ ಹೊಂಗನೂರಿನ ಆ ಮನೆ ನೋಡುವ ಹಾಗೆ ಇರಲಿಲ್ಲ. ಮಂಚ ಅಂಗಳಕ್ಕೆ ಬಂದಿತ್ತು. ಜಗಲಿಯ ತುಂಬ ಚಂದ್ರಿಕೆ ಒರಗಿಸಿದ್ದರು. ಕುರ್ಚಿಗಳ ಮೇಲೆ ಹುಳದ ತಟ್ಟೆಗಳಿದ್ದವು. ಅತ್ತಿಗೆ ನೈಟಿಯ ಮೇಲೆ ಟವೆಲ್ಲು ಹೊದ್ದುಕೊಂಡೇ ಕೈಮುಗಿದಳು. ಬಂದವರು ಮೂವರು: ಮೇಷ್ಟ್ರು, ರಾಧಾಮಣಿ, ಮೇಷ್ಟ್ರ ಅಕ್ಕ ದೊಡ್ಡಲಕ್ಷ್ಮಮ್ಮ. ಹುಡುಗಿ ತಾನೇ ಮನೆ ನೋಡಲು ಬರುವುದು ಹಿಂದೆ ಇರಲಿಲ್ಲ. ರಾಧಾಮಣಿ ಬಂದಿದ್ದಳು, ಯಾರ ಅಪ್ಪಣೆಯನ್ನೂ ಕೇಳಿದಂತೆ ಕಾಣಲಿಲ್ಲ.

“ಹುಡುಗ ಎಲ್ಲಮ್ಮ?” ಎಂದರು ಮೇಷ್ಟ್ರು.

“ಹುಳದ ಮನೇಲವ್ನೆ ಸ್ವಾಮಿ. ಹುಳ ಹಣ್ಣಾಗ್ಬುಟ್ಟೈತೆ. ನೀವ್ ಒಸಿ ಕೂತ್ಕಳಿ, ಈಗ್ ಕರೀತೀನಿ.”

ಕೂರಲು ಎಲ್ಲೂ ಜಾಗವಿರಲಿಲ್ಲ. “ಕರೆಯೋದೇನೂ ಬೇಡ, ನಾವೇ ಹೋಗ್ತೀವಿ. ಮನೆ ನೋಡೋದು ಅಂದ್ರೆ ಹುಳದ ಮನೇನೂ ನೋಡೋದೇ,” ಎಂದು ಮೇಷ್ಟ್ರು ಹಿತ್ತಿಲ ಕಡೆ ನಡೆದೇಬಿಟ್ಟರು. ಹೊಸ ಜಾಗಕ್ಕೆ ಕಾಲಿಡುವ ಮುಂಚೆ ನಶ್ಯ ಏರಿಸುವುದು ಅವರ ಅಭ್ಯಾಸ. ಹುಳದ ಮನೆಯ ಬಾಗಿಲ ಬಳಿ ಡಬ್ಬಿ ತೆಗೆದರು, ಚಿಟಿಕೆ ಹಿಡಿದರು, ಏರಿಸಿದರು. ಬೆರಳು ಕೊಡವಿ ಒಂದು ಹೆಜ್ಜೆ ಮುಂದಿಟ್ಟರು.

ಒಳಗಿದ್ದ ದೇವರಾಜು ಅದನ್ನು ನೋಡಿದ. ಹುಳ ಮೇಯಿಸುವವರ ಮನೆಯಲ್ಲಿ ಮಗುವಿಗೂ ಗೊತ್ತಿರುವ ಮಾತಿದು: ಹೊಗೆಸೊಪ್ಪು ಸೋಕಿದ ಕೈ ಒಳಗೆ ಬರಕೂಡದು. ಹೊಗೆಸೊಪ್ಪಿನ ನಂಜು ಹುಳಕ್ಕೆ ಸೋಕಿತೆಂದರೆ ಅವು ವಾಂತಿ ಮಾಡಿಕೊಂಡು ಸಾಯುತ್ತವೆ. ಬೀಡಿ ಸೇದುವ ಸ್ವಂತ ಚಿಕ್ಕಪ್ಪನನ್ನೂ ಅವನು ಇಪ್ಪತ್ತು ವರ್ಷದಿಂದ ಒಳಗೆ ಬಿಟ್ಟವನಲ್ಲ. ನಶ್ಯವೂ ಹೊಗೆಸೊಪ್ಪಿನ ಪುಡಿಯೇ. ಆದರೆ ಬಾಗಿಲಲ್ಲಿ ನಿಂತಿದ್ದವರು ರಾಧಾಮಣಿಯ ಅಪ್ಪ.

ಬಿಟ್ಟರೆ ಬೆಳೆ ಹೋಗುತ್ತದೆ. ತಡೆದರೆ ಹುಡುಗಿ ಹೋಗುತ್ತಾಳೆ. ಯೋಚಿಸಲು ಸಿಕ್ಕಿದ್ದು ಎರಡು ಹೆಜ್ಜೆಯಷ್ಟು ಹೊತ್ತು. ದೇವರಾಜು ಓಡಿಬಂದು ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತ.

“ಒಳಕ್ಕೆ ಬರ್ಬ್ಯಾಡಿ ಸಾರ್.”

ಮೇಷ್ಟ್ರು ನಿಂತರು. ಅವರ ಹಿಂದೆ ಬರುತ್ತಿದ್ದ ಮಾಯಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು.

“ಏನಂದೆ?”

“ನಿಮ್ ಕೈಯಾಗೆ ನಶ್ಯ ಐತೆ ಸಾರ್. ಹುಳ ಸತ್ತೋಯ್ತವೆ.”

“ನಾನು ಯಾರು ಅಂತ ಗೊತ್ತಿದೆ ತಾನೆ ನಿನಗೆ?”

“ಗೊತ್ತು ಸಾರ್. ಅದ್ಕೇ ಅಂಜ್ತಾ ಇವ್ನಿ. ಆದ್ರೂ ಬರ್ಬ್ಯಾಡಿ.”

“ಒಂದ್ ದಪ ಬರ್ಲಿ ಬುಡ್ಲಾ, ದೊಡ್ಡೋರು,” ಎಂದು ಮಾಯಮ್ಮ ಅಳುವ ದನಿಯಲ್ಲಿ ಹೇಳಿದಳು. ದೇವರಾಜು ಕೈ ತೆಗೆಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಯಾವ ಹೆಡ್‌ಮಾಸ್ಟರೂ ರಾಮಲಿಂಗಯ್ಯನವರನ್ನು ಬಾಗಿಲಲ್ಲಿ ತಡೆದಿರಲಿಲ್ಲ. ಅವರ ಮುಖ ನೋಡಿದರೆ ಕಾರು ತಿರುಗಿಸಿ ಅನ್ನುವುದೊಂದೇ ಬಾಕಿ.

ರಾಧಾಮಣಿ ಮುಂದೆ ಬಂದು ಅಂಗೈ ಚಾಚಿದಳು. “ಡಬ್ಬಿ ಕೊಡಪ್ಪ.”

ಅಪ್ಪ ಮಗಳನ್ನು ನೋಡಿದರು. ಆ ಡಬ್ಬಿ ಬಿಡು ಎಂದು ಅವಳು ಕಾಲೇಜಿಗೆ ಹೋಗುತ್ತಿದ್ದ ದಿನದಿಂದ ಹೇಳುತ್ತಿದ್ದಳು. ಡಬ್ಬಿ ಜೇಬಿನಿಂದ ಹೊರಗೆ ಬಂದು ಅವಳ ಕೈ ಸೇರಲು ಬಹಳ ಹೊತ್ತು ಹಿಡಿಯಿತು. ಅವಳು ಅದನ್ನು ಅತ್ತೆ ದೊಡ್ಡಲಕ್ಷ್ಮಮ್ಮನಿಗೆ ಕೊಟ್ಟಳು. ಆ ಹೆಂಗಸು ಸೊಂಟಕ್ಕೆ ಸಿಕ್ಕಿಸಿಕೊಂಡು, “ಅಂತೂ ಇದನ್ನ ಬಿಡಿಸೋಕೆ ಒಬ್ಬ ಹುಟ್ಟಿದ್ನಲ್ಲ,” ಎಂದು ಜೋರಾಗಿ ನಕ್ಕಳು. ಆ ನಗುವಿಗೆ ಅಲ್ಲಿದ್ದವರಿಗೆಲ್ಲ ಉಸಿರು ಬಂತು, ಮೇಷ್ಟ್ರನ್ನು ಬಿಟ್ಟು.

“ಈಗ ಬರಬಹುದೋ?” ಎಂದರು ಅವರು, ಬಿಗಿಯಾಗಿ.

“ಇನ್ನೂ ಇಲ್ಲ ಸಾರ್,” ಎಂದ ದೇವರಾಜು. ಇಷ್ಟಾದ ಮೇಲೆ ಇನ್ನೇನು ಉಳಿದಿದೆ ಎಂಬ ಮೊಂಡು ಧೈರ್ಯ ಅವನಿಗೆ ಬಂದುಬಿಟ್ಟಿತ್ತು. “ಸೋಪಾಕಿ ಮೂರ್ ಸಲ ಕೈ ತೊಳೀಬೇಕು. ಮೂಗೂ ತೊಳೀಬೇಕು. ಜುಬ್ಬ ಬಿಚ್ಬೇಕು, ಅದ್ರಾಗೂ ಪುಡಿ ಇರ್ತದೆ.”

ಅಮೂಲ್ಯ ಬಕೀಟು, ಸೋಪು ತಂದಳು. ಮೇಷ್ಟ್ರು ತಿರುಗಿ ಹೋಗಿಬಿಡಬಹುದಿತ್ತು. ಯಾಕೋ ಹೋಗಲಿಲ್ಲ. ಕೈ ತೊಳೆದರು, ಮೂಗು ತೊಳೆದು ಏಳು ಸಲ ಸೀನಿದರು. ಕಡೆಗೆ ಬಿಳಿ ಪಂಚೆಯ ಮೇಲೆ ಟ್ರ್ಯಾಕ್ಟರಿನ ಚಿತ್ರವಿದ್ದ ದೇವರಾಜುವಿನ ಹಸಿರು ಟೀ ಶರ್ಟು ತೊಟ್ಟು, ಬ್ಲೀಚಿಂಗ್ ಪೌಡರು ಉದುರಿಸಿದ್ದ ಗೋಣಿಚೀಲದ ಮೇಲೆ ಕಾಲು ಒರೆಸಿಕೊಂಡು ಒಳಗೆ ಬಂದರು. ರಾಧಾಮಣಿ ಅಷ್ಟರಲ್ಲಿ ತಾನೂ ಸೋಪು ಹಾಕಿ ಕೈ ತೊಳೆದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತಿಗೆಯ ಪಕ್ಕ ಕುಳಿತು ಹುಳ ಆರಿಸತೊಡಗಿದ್ದಳು.

ಸುಮ್ಮನೆ ನಿಂತು ನೋಡಲು ಅಲ್ಲಿ ಯಾರಿಗೂ ಬಿಡುವಿರಲಿಲ್ಲ. ಮೇಷ್ಟ್ರೂ ಕುಳಿತರು. ಒಂದು ಹುಳ ಆರಿಸಿ ಚಂದ್ರಿಕೆಗೆ ಬಿಟ್ಟರು.

“ಅದು ಇನ್ನೂ ಕಾಯಿ ಸಾರ್,” ಎಂದು ದೇವರಾಜು ಅದನ್ನು ತಿರುಗಿ ಸೊಪ್ಪಿಗೆ ಹಾಕಿದ. “ಬೆಳಕಿಗೆ ಹಿಡೀರಿ. ಮೈಯೊಳಗೆ ಬೆಳಕು ಹಾದ್ರೆ ಹಣ್ಣು.”

ಎರಡನೆಯದೂ ಕಾಯಿ. ಮೂರನೆಯದೂ ಕಾಯಿ. ನಾಲ್ಕನೆಯದಕ್ಕೆ ಅಮೂಲ್ಯ ಬಾಯಿಗೆ ಕೈ ಅಡ್ಡ ಹಿಡಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಐದನೆಯದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಇದು?”

“ಹಣ್ಣು ಸಾರ್. ಸರಿಯಾಗ್ ಹೇಳುದ್ರಿ.”

ಮೇಷ್ಟ್ರಿಗೆ ಸಂತೋಷವಾಯಿತು. ಅದನ್ನು ಮುಚ್ಚಿಡಲು ಹೋದರು, ಆಗಲಿಲ್ಲ. ಆಮೇಲೆ ಮಧ್ಯಾಹ್ನ ಕಳೆಯುವವರೆಗೆ ಎಂಟು ಕೈಗೆ ಆರು ಕೈ ಸೇರಿ ಕೆಲಸ ಸಾಗಿತು. ದೊಡ್ಡಲಕ್ಷ್ಮಮ್ಮ ಡಬ್ಬಿಯನ್ನು ಕಾರಿನಲ್ಲಿಟ್ಟು ಕೈ ತೊಳೆದು ಬಂದು ಕೂತವಳು ಬಾಯಿ ಮುಚ್ಚಲೇ ಇಲ್ಲ. ಕೇಸರಿಬಾತು ಮಾಡಲು ತಂದಿಟ್ಟ ರವೆ ಪೊಟ್ಟಣದಲ್ಲೇ ಉಳಿಯಿತು. ಮೂರು ಗಂಟೆಗೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ಕುಳಿತು ಬಿಸಿ ಮುದ್ದೆಯನ್ನು ಹಿಂದಿನ ದಿನದ ಬಸ್ಸಾರಿನಲ್ಲಿ ಅದ್ದಿ ಉಂಡರು. ಬೀಗರಿಗೆ ತಂಗಳು ಸಾರು ಬಡಿಸಿದೆನಲ್ಲ ಎಂದು ಮಾಯಮ್ಮ ಪೇಚಾಡಿಕೊಂಡಳು. ಮೇಷ್ಟ್ರು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಕೊನೆಯ ಚಂದ್ರಿಕೆ ತುಂಬಿದಾಗ ಇನ್ನೂ ಬಿಸಿಲಿತ್ತು. ಮೇಷ್ಟ್ರು ಕೈ ತೊಳೆದುಕೊಂಡು ಮಂಚದ ಮೇಲೆ ಕುಳಿತರು. ಪ್ರಶ್ನೆಯ ಸುದ್ದಿಯನ್ನೇ ಎತ್ತಲಿಲ್ಲ. ಕೇಳಲಿಲ್ಲ ಎಂದರೆ ಒಲ್ಲೆ ಎಂದೇ ಅರ್ಥ ಎಂದುಕೊಂಡ ದೇವರಾಜು.

“ಸಾರ್, ನೀವು ಪರೀಕ್ಷೆ ಮಾಡ್ಲೇ ಇಲ್ವಲ್ಲ,” ಎಂದ.

“ಓದಿದ್ದೀಯೋ?”

“ಅರವತ್ತು ಬಾಯಿಪಾಠ ಬತ್ತವೆ. ಅದಿರ್ಲಿ ಸಾರ್. ಆವತ್ತು ನಾನೊಂದ್ ಕೇಳಿದ್ನಲ್ಲ, ಕೈಗೆ ಸಿಗ್ದಿರೋದ್ಕೆ ಹೆಸ್ರು ಯಾಕೆ ಅಂತ. ಅದು ಇವತ್ತು ಗೊತ್ತಾಯ್ತು.” ಅವನು ಮಾತು ಹುಡುಕಿಕೊಂಡು ನಿಧಾನವಾಗಿ ಹೇಳಿದ. “ಬಾಗ್ಲಲ್ಲಿ ನಿಮ್ಮನ್ನ ತಡುದ್ನಲ್ಲ, ಆವಾಗ ಒಂದು ಬಂದು ಎದೆ ಮ್ಯಾಲೆ ಕೂತ್ಕತು. ‘ದೇವರಾಜು ಅಂಜ್ತಾನೆ’ ಅಂದ್ರೆ ಸಾಲ್ದು ಸಾರ್. ಹಂಗಂದ್ರೆ ದೇವರಾಜು ಪೂರಾ ಅಷ್ಟೇ ಅಂದಂಗಾಯ್ತು. ನಾನು ಬ್ಯಾರೆ, ಅದು ಬ್ಯಾರೆ. ಅದ್ಕೆ ಅಂಜಿಕೆ ಅಂತ ಒಂದ್ ಹೆಸ್ರು ಇಕ್ಕಿದ್ರೇನೇ ಅದನ್ನ ಪಕ್ಕಕ್ಕೆ ಸರಿಸಿ, ಇಲ್ ಕೂತಿರು, ನಂಗೆ ಕೆಲ್ಸ ಐತೆ ಅನ್ನಕ್ಕಾಗೋದು.”

ಮೇಷ್ಟ್ರ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಟೀ ಶರ್ಟಿಗೆ ಜೇಬಿರಲಿಲ್ಲ. “ಈ ಪಾಠ ಎಷ್ಟು ಸಲ ಮಾಡಿದ್ದೀನೋ ಲೆಕ್ಕವಿಲ್ಲ,” ಎಂದರು. “ಹೀಗೆ ಹೇಳಿಕೊಡೋಕೆ ನನಗೆ ಹೊಳೆದಿರ್ಲಿಲ್ಲ ಕಣಪ್ಪ. ನನ್ನ ಲೆಕ್ಕದಲ್ಲಿ ನೀನು ಪಾಸು. ಆದರೆ ಮದುವೆ ಆಗೋಳು ನಾನಲ್ಲ.”

ಎಲ್ಲರೂ ರಾಧಾಮಣಿಯ ಕಡೆ ತಿರುಗಿದರು. ಅವಳು ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಮುಂಗೈಗೆ ಒಂದು ಎಳೆ ರೇಷ್ಮೆ ಅಂಟಿತ್ತು.

“ಹನ್ನೊಂದು ಜನಾನೂ ಅಪ್ಪನೇ ಬೇಡ ಅಂದ್ರು ಅಂತ ಊರೆಲ್ಲ ತಿಳ್ಕೊಂಡಿದೆ,” ಎಂದಳು. “ಬೇಡ ಅಂದೋಳು ನಾನು. ಅಪ್ಪ ಏನು ಹೇಳಿದ್ರೂ ಹೂಂ ಸಾರ್, ಸರಿ ಸಾರ್. ನಮ್ಮಪ್ಪನಿಗೇ ಒಂದು ಸಲ ಇಲ್ಲ ಅನ್ನೋಕಾಗದೋರು ನಾಳೆ ನನಗೋಸ್ಕರ ಯಾರಿಗೆ ಇಲ್ಲ ಅಂತಾರೆ?”

ರಾಧಾಮಣಿ ಮೊಬೈಲು ತೆಗೆದು ಕ್ಯಾಲೆಂಡರು ತೆರೆದಳು. “ಮುಂದಿನ ಬೆಳೆ ಹಣ್ಣಾಗೋದು ಯಾವಾಗ?”

“ಯಾಕ್ರೀ?”

“ಶಾಲೆಗೆ ರಜೆ ಬರೀಬೇಕಲ್ಲ. ಪ್ರತಿ ಸಲ ಭಾನುವಾರವೇ ಹಣ್ಣಾಗಿ ಅಂತ ನಿಮ್ಮ ಹುಳಕ್ಕೆ ಹೇಳೋಕಾಗುತ್ತಾ?”